ಮನೆ ಕೊಳ್ಳುವ ಮುನ್ನ ಚರಂಡಿಯ ಮುಚ್ಚಳ ತೆಗೆಸಿ ನೋಡಿ

ಬೀದರ್: ಮನೆ ಕೊಳ್ಳಲು ಹೊರಟವರು ಪರಿಶೀಲಿಸುವ ಸಂಗತಿಗಳು ಒಂದೆರಡಲ್ಲ. ಖಾತಾ ಯಾರ ಹೆಸರಿನಲ್ಲಿದೆ, ಋಣಭಾರ ಪತ್ರದಲ್ಲಿ ಸಾಲದ ನಮೂದು ಇದೆಯೇ, ತೆರಿಗೆ ಬಾಕಿ ಎಷ್ಟು, ಕಟ್ಟಡ ಪರವಾನಗಿಗೂ ಕಟ್ಟಿದ ಮನೆಗೂ ತಾಳೆಯಾಗುತ್ತದೆಯೇ ಎಂದು ವಕೀಲರಿಂದ ತಿಳಿದುಕೊಳ್ಳುತ್ತಾರೆ. ಬಾಗಿಲು ಪೂರ್ವಕ್ಕಿದೆಯೇ, ಶೌಚಾಲಯ ಈಶಾನ್ಯ ಮೂಲೆಯಲ್ಲಿ ಬಂದಿದೆಯೇ ಎಂದು ವಾಸ್ತು ಬಲ್ಲವರಿಂದ ಕೇಳಿಸುತ್ತಾರೆ. ಆದರೆ ಆ ಶೌಚಾಲಯದ ನೀರು ಕೊನೆಗೆ ಎಲ್ಲಿಗೆ ಹೋಗಿ ಸೇರುತ್ತದೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ.

ಋಣಭಾರ ಪತ್ರದಲ್ಲಿ ಸಾಲ ಕಾಣಿಸುತ್ತದೆ, ನೆಲದಡಿಯ ಕೊಳವೆ ಕಾಣಿಸುವುದಿಲ್ಲ. ಇ-ಖಾತೆಯಲ್ಲಿ ಚೆಕ್ಕುಬಂದಿ, ಅಳತೆ, ಮಾಲೀಕರ ಭಾವಚಿತ್ರ ಎಲ್ಲವೂ ಇರುತ್ತವೆ. ಸೆಪ್ಟಿಕ್ ಟ್ಯಾಂಕಿನ ಆಳ ಇರುವುದಿಲ್ಲ. ಹೊಸದಾಗಿ ಬಣ್ಣ ಬಳಿಸಿ, ಅಂಗಳಕ್ಕೆ ಟೈಲ್ಸ್ ಹಾಸಿ ಮಾರಾಟಕ್ಕಿಟ್ಟ ಮನೆಯಲ್ಲಿ ಕೊಳವೆಯ ದೋಷ ಹೊರಬೀಳುವುದು ನೋಂದಣಿಯಾದ ಮೇಲೆ, ಸಾಮಾನ್ಯವಾಗಿ ಮೊದಲ ಮಳೆಗಾಲದಲ್ಲಿ. ಆಗ ಹಾಸಿದ ಟೈಲ್ಸ್ ಕಿತ್ತು, ನೆಲ ಅಗೆದು, ರಸ್ತೆ ಕತ್ತರಿಸಲು ಅನುಮತಿ ಪಡೆದು ದುರಸ್ತಿ ಮಾಡಿಸುವ ಹೊಣೆ ಹೊಸ ಮಾಲೀಕರದಾಗುತ್ತದೆ. ಗೃಹಸಾಲದ ಮೊದಲ ಕಂತುಗಳು ಆರಂಭವಾಗಿರುವ ಹೊತ್ತಿಗೇ ಈ ಖರ್ಚೂ ಎದುರಾಗುತ್ತದೆ.

ಈ ಪ್ರಶ್ನೆ ಎಲ್ಲ ಊರಿಗೂ ಅನ್ವಯಿಸುವಂಥದ್ದೇ. ಆದರೆ ಬೀದರ್, ಭಾಲ್ಕಿ ಮತ್ತು ಔರಾದ್ ಪಟ್ಟಣಗಳಲ್ಲಿ ಅದಕ್ಕೆ ವಿಶೇಷ ಮಹತ್ವವಿದೆ. ಕಾರಣ ಇಲ್ಲಿನ ಮಣ್ಣು.

ತುಂಬದ ಗುಂಡಿಯೇ ಎಚ್ಚರಿಕೆಯ ಗಂಟೆ

ಬೀದರ್ ನಗರ ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಕೋಟೆಯ ಕಂದಕದಲ್ಲಿ, ಹಳೆಯ ಬಾವಿಗಳ ಗೋಡೆಯಲ್ಲಿ ಕಾಣುವ ಕೆಂಪು ಕಲ್ಲು ಇದೇ. ಇದರ ಮೈತುಂಬ ಸಣ್ಣ ರಂಧ್ರಗಳು, ಕೊಳವೆಯಂಥ ಪೊಳ್ಳುಗಳು. ಮಳೆನೀರು ಇದರೊಳಗೆ ಸುಲಭವಾಗಿ ಇಳಿದು, ಕೆಳಗಿನ ಜೇಡಿ ಪದರ ಮತ್ತು ಕಪ್ಪುಶಿಲೆಯನ್ನು ಮುಟ್ಟಿದಾಗ ಅಡ್ಡಕ್ಕೆ ಹರಿಯುತ್ತದೆ. ಪ್ರಸ್ಥಭೂಮಿಯ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ನರಸಿಂಹ ಝರಣಿ, ನಾನಕ್ ಝೀರಾ, ಪಾಪನಾಶದ ನೀರಿನ ಮೂಲ ಇದೇ. 15ನೇ ಶತಮಾನದಲ್ಲಿ ಬಹಮನಿ ಅರಸರ ಕಾಲದಲ್ಲಿ ನೌಬಾದ್‌ನ ಕರೇಜ್ ಅಥವಾ ಸುರಂಗ ಬಾವಿಯನ್ನು ಕೊರೆಸಿದ ಕುಶಲಿಗಳು, ಪರ್ಷಿಯಾದ ಜ್ಞಾನವನ್ನು ಈ ಕಲ್ಲಿನ ಗುಣಕ್ಕೆ ಹೊಂದಿಸಿಕೊಂಡರು. ನೆಲದಡಿ ಸುರಂಗ ತೆಗೆದರೆ ಕಲ್ಲಿನಿಂದ ಒಸರುವ ನೀರು ತಾನಾಗಿ ಹರಿದು ಬರುತ್ತದೆ ಎಂಬುದು ಅವರಿಗೆ ತಿಳಿದಿತ್ತು.

ಮಳೆನೀರನ್ನು ಇಷ್ಟು ಸಲೀಸಾಗಿ ಒಳಬಿಡುವ ಕಲ್ಲು ಶೌಚದ ನೀರನ್ನು ತಡೆಯುವುದಿಲ್ಲ. ಮರಳು ಮತ್ತು ಮಣ್ಣಿನ ಪದರದಲ್ಲಿ ನಿಧಾನವಾಗಿ ಇಳಿಯುವ ನೀರು ಸ್ವಲ್ಪಮಟ್ಟಿಗೆ ಸೋಸಲ್ಪಡುತ್ತದೆ. ಜಂಬಿಟ್ಟಿಗೆಯ ಪೊಳ್ಳುಗಳಲ್ಲಿ ಹಾಗೆ ಸೋಸುವಷ್ಟು ಹೊತ್ತು ಅದು ನಿಲ್ಲುವುದೇ ಇಲ್ಲ.

ಆದ್ದರಿಂದ ಬೀದರ್‌ನಲ್ಲಿ ಮನೆ ಮಾರುವವರು ಹೆಮ್ಮೆಯಿಂದ ಹೇಳುವ ಒಂದು ಮಾತನ್ನು ಖರೀದಿದಾರರು ತಿರುಗಿಸಿ ಅರ್ಥಮಾಡಿಕೊಳ್ಳಬೇಕಾಗುತ್ತದೆ. 'ಇಪ್ಪತ್ತು ವರ್ಷವಾಯಿತು, ಗುಂಡಿ ಒಮ್ಮೆಯೂ ತುಂಬಿಲ್ಲ, ಸಕ್ಕಿಂಗ್ ಗಾಡಿ ಕರೆಸಿಯೇ ಇಲ್ಲ' ಎಂಬುದು ಆ ಮಾತು. ಸರಿಯಾಗಿ ಕಟ್ಟಿದ ಸೆಪ್ಟಿಕ್ ಟ್ಯಾಂಕ್ ನೀರು ಸೋರದಂತೆ ಇರಬೇಕು. ಅದರ ತಳದಲ್ಲಿ ಹೂಳು ಕೂಡಬೇಕು. ಎರಡು-ಮೂರು ವರ್ಷಕ್ಕೊಮ್ಮೆ ಆ ಹೂಳನ್ನು ತೆಗೆಸಬೇಕು. ಇಪ್ಪತ್ತು ವರ್ಷ ತುಂಬದ ಟ್ಯಾಂಕ್ ಎಂದರೆ ಹೆಚ್ಚಾಗಿ ಅದು ಟ್ಯಾಂಕೇ ಅಲ್ಲ, ತಳ ಕಟ್ಟದೆ ಬಿಟ್ಟ ಗುಂಡಿ. ಅದರೊಳಗೆ ಹೋದದ್ದು ನೆಲಕ್ಕೆ ಇಳಿದಿದೆ, ಅಲ್ಲಿಂದ ಅದೇ ಅಂಗಳದ ಕೊಳವೆಬಾವಿಗೋ ಪಕ್ಕದವರ ತೆರೆದ ಬಾವಿಗೋ ಸೇರಿರುವ ಸಾಧ್ಯತೆ ಇದೆ.

2016ರ ಬರಗಾಲದಲ್ಲಿ, ಆಗಿನ ಜಿಲ್ಲಾಧಿಕಾರಿ ಅನುರಾಗ್ ತಿವಾರಿ ಅವರ ಮುತುವರ್ಜಿಯಿಂದ ಬೀದರ್‌ನ ಹಳೆಯ ತೆರೆದ ಬಾವಿಗಳ ಹೂಳು ತೆಗೆಸಲಾಗಿತ್ತು. ಬಾವಿಗಳಿಗೆ ಮತ್ತೆ ನೀರು ಬಂದಾಗ ಜನ ಸಂಭ್ರಮಪಟ್ಟಿದ್ದೂ ಉಂಟು. ಅಂಥ ಬಾವಿಯ ನೀರು ಕುಡಿಯಲು ಯೋಗ್ಯವೇ ಎಂಬುದನ್ನು ನಿರ್ಧರಿಸುವುದು ಮಾತ್ರ ಸುತ್ತಲಿನ ಮನೆಗಳ ಗುಂಡಿಗಳು.

ಮೂವತ್ತು-ನಲವತ್ತರ ಲೆಕ್ಕ

ಸೆಪ್ಟಿಕ್ ಟ್ಯಾಂಕಿನ ಕುರಿತ ಭಾರತೀಯ ಮಾನಕ ಐಎಸ್ 2470ರ ಪ್ರಕಾರ, ಟ್ಯಾಂಕಿನಿಂದ ಹೊರಬರುವ ನೀರನ್ನು ಇಂಗಿಸುವ ಗುಂಡಿಯು ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ದೂರದಲ್ಲಿರಬೇಕು. ವಾಸದ ಕಟ್ಟಡದಿಂದಲೂ 6 ಮೀಟರ್ ದೂರವಿರಬೇಕು.

ಈ ಅಳತೆಯನ್ನು ನಮ್ಮ ಬಡಾವಣೆಗಳ ನಿವೇಶನಕ್ಕೆ ಹೋಲಿಸಿ ನೋಡಿದರೆ ಸಮಸ್ಯೆಯ ಸ್ವರೂಪ ತಿಳಿಯುತ್ತದೆ. ಗುಂಪಾ, ಮೈಲೂರು, ಚಿದ್ರಿ, ನೌಬಾದ್ ಕಡೆ ಬೆಳೆದ ಬಡಾವಣೆಗಳಲ್ಲಾಗಲಿ, ಭಾಲ್ಕಿ-ಔರಾದ್‌ಗಳ ಹೊಸ ಬಡಾವಣೆಗಳಲ್ಲಾಗಲಿ ಸಾಮಾನ್ಯ ಜನ ಕೊಳ್ಳುವುದು 30×40 ಅಡಿಯ ನಿವೇಶನ. ಅದರ ಒಂದು ಮೂಲೆಯಿಂದ ಎದುರಿನ ಮೂಲೆಗೆ ಕರ್ಣರೇಖೆಯಲ್ಲಿ ಅಳೆದರೂ ದೂರ 50 ಅಡಿ, ಅಂದರೆ ಸುಮಾರು 15 ಮೀಟರ್. ಹೀಗಾಗಿ ಇಂಥ ನಿವೇಶನದಲ್ಲಿ ಇಂಗುಗುಂಡಿ ಮತ್ತು ಕೊಳವೆಬಾವಿ ಎರಡೂ ಇದ್ದರೆ ಮಾನಕದ ಅಂತರ ಪಾಲನೆಯಾಗಿರಲು ಸಾಧ್ಯವೇ ಇಲ್ಲ. ಎಂಥ ನಿಪುಣ ಗವಂಡಿಯೂ ಅದನ್ನು ಸಾಧಿಸಲಾರ. ಪಕ್ಕದ ನಿವೇಶನದ ಗುಂಡಿ ನಮ್ಮ ಕಂಪೌಂಡ್ ಗೋಡೆಗೆ ಅಂಟಿಕೊಂಡಿದ್ದರೆ ಅಂತರ ಇನ್ನೂ ಕಡಿಮೆ.

ಇದರ ಅರ್ಥ ಅಂಥ ಮನೆ ಕೊಳ್ಳಲೇಬಾರದು ಎಂದಲ್ಲ. ಒಳಚರಂಡಿ ಸಂಪರ್ಕ ಸಿಕ್ಕುವ ಬೀದಿಯಾದರೆ ಗುಂಡಿಯನ್ನು ಮುಚ್ಚಿಸಿ ಸಂಪರ್ಕ ಪಡೆಯಬಹುದು. ಇಲ್ಲವಾದರೆ ಕೊಳವೆಬಾವಿಯ ನೀರನ್ನು ಬಳಕೆಗೆ ಮಾತ್ರ ಇಟ್ಟುಕೊಂಡು, ಕುಡಿಯಲು ನಲ್ಲಿ ನೀರನ್ನು ಅವಲಂಬಿಸಬೇಕು. 'ಸಿಹಿನೀರಿನ ಬೋರ್‌ವೆಲ್ ಇದೆ' ಎಂಬ ಕಾರಣಕ್ಕೆ ಹೆಚ್ಚು ಬೆಲೆ ಕೇಳಿದಾಗಲಾದರೂ ಆ ನೀರಿನ ಪರೀಕ್ಷಾ ವರದಿಯನ್ನು ಖರೀದಿದಾರರು ಕೇಳುವುದು ನ್ಯಾಯ. ಕುಡಿಯುವ ನೀರಿನ ಮಾನಕ ಐಎಸ್ 10500ರಂತೆ ನೈಟ್ರೇಟ್ ಪ್ರಮಾಣ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. 100 ಮಿಲಿಲೀಟರ್ ನೀರಿನಲ್ಲಿ ಇ-ಕೋಲಿ ಸೂಕ್ಷ್ಮಾಣು ಒಂದೂ ಇರಬಾರದು. ಮನೆಯ ಬಾವಿಯಲ್ಲಿ ಇವೆರಡೂ ಹೆಚ್ಚಾಗಿ ಕಂಡುಬಂದರೆ ಗುಂಡಿಯ ನೀರು ಸೇರುತ್ತಿದೆ ಎಂದೇ ಮೊದಲು ಶಂಕಿಸಬೇಕು. ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಬಾಟಲಿ ಹಾಲು ಕುಡಿಯುವ ಹಸುಳೆಗಳಿಗೆ ಅದು ಅಪಾಯಕಾರಿ, ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಅದು ಕುಂದಿಸುತ್ತದೆ.

ಎರೆಭೂಮಿಯಲ್ಲಿ ತದ್ವಿರುದ್ಧ ಕಥೆ

ಭಾಲ್ಕಿ ಮತ್ತು ಔರಾದ್ ಕಡೆ ಹೋದರೆ ಕೆಂಪು ಮಣ್ಣು ಹಿಂದೆ ಸರಿದು ಎರೆಭೂಮಿ ಎದುರಾಗುತ್ತದೆ. ತೊಗರಿ, ಸೋಯಾಬೀನ್, ಜೋಳಕ್ಕೆ ಹೇಳಿಮಾಡಿಸಿದಂಥ ಈ ಕಪ್ಪು ಮಣ್ಣು ಮನೆಯ ಕೊಳವೆಗಳಿಗೆ ಮಾತ್ರ ಒಳ್ಳೆಯ ನೆರೆಯಲ್ಲ. ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ. ಬೇಸಿಗೆಯಲ್ಲಿ ಒಣಗಿ ಕೈ ತೂರುವಷ್ಟು ಬಿರಿಯುತ್ತದೆ. ಪ್ರತಿವರ್ಷ ನಡೆಯುವ ಈ ಏರಿಳಿತದಲ್ಲಿ ಅದರೊಳಗೆ ಹೂತ ಕೊಳವೆಯ ಕೀಲುಗಳು ಸಡಿಲಗೊಳ್ಳುತ್ತವೆ. ಹಳೆಯ ಸಿಮೆಂಟ್ ಮತ್ತು ಸ್ಟೋನ್‌ವೇರ್ ಕೊಳವೆಗಳು ಬಿರುಕು ಬಿಡುತ್ತವೆ. ಪಿವಿಸಿ ಕೊಳವೆ ಒಡೆಯದಿದ್ದರೂ ನಡುವೆ ಜೋಲುತ್ತದೆ. ಜೋತುಬಿದ್ದ ಜಾಗದಲ್ಲಿ ನೀರು ನಿಂತು, ಕಸ ಕೂತು, ಕೊಳವೆ ಕಟ್ಟಿಕೊಳ್ಳುತ್ತದೆ. ಕೊಳವೆಯ ಅಡಿಗೂ ಸುತ್ತಲೂ ಮರಳು ಅಥವಾ ಮುರಂ ಹಾಸಿ ಹೂಳಿದ್ದರೆ ಈ ತೊಂದರೆ ಬಹುಪಾಲು ತಪ್ಪುತ್ತಿತ್ತು. ಕಟ್ಟುವಾಗ ಉಳಿತಾಯ ಮಾಡುವುದು ಸಾಮಾನ್ಯವಾಗಿ ಅಲ್ಲಿಯೇ.

ಎರಡನೆಯದಾಗಿ, ಎರೆಮಣ್ಣು ನೀರನ್ನು ಬೇಗ ಇಂಗಿಸಿಕೊಳ್ಳುವುದಿಲ್ಲ. ಐದು ಜನರ ಕುಟುಂಬ ಸರಕಾರಿ ಮಾನದಂಡದಂತೆ ತಲೆಗೆ ದಿನಕ್ಕೆ 135 ಲೀಟರ್ ನೀರು ಬಳಸಿದರೆ 675 ಲೀಟರ್ ಆಗುತ್ತದೆ. ಅದರಲ್ಲಿ ಶೇ 80ರಷ್ಟು, ಅಂದರೆ ಸುಮಾರು 540 ಲೀಟರ್ ಕೊಳಚೆಯಾಗಿ ಹೊರಹೋಗಬೇಕು. ಒಂದು ತಿಂಗಳಿಗೆ ಇದು 16 ಸಾವಿರ ಲೀಟರ್ ದಾಟುತ್ತದೆ. ಮಳೆಗಾಲದಲ್ಲಿ ಈಗಾಗಲೇ ನೀರುಂಡು ತಣಿದ ಮಣ್ಣು ಇಷ್ಟನ್ನು ಎಲ್ಲಿ ಇಟ್ಟುಕೊಳ್ಳಬೇಕು? ಗುಂಡಿ ಉಕ್ಕುತ್ತದೆ, ಇಲ್ಲವೇ ಶೌಚಾಲಯದ ನೀರು ಇಳಿಯಲು ಹಟ ಹಿಡಿಯುತ್ತದೆ. ಇದರಿಂದ ಬೇಸತ್ತ ಅನೇಕರು ಗುಂಡಿಯ ಹೊರಕೊಳವೆಯನ್ನು ಸದ್ದಿಲ್ಲದೆ ಬೀದಿಯ ತೆರೆದ ಗಟಾರಕ್ಕೆ ತಿರುಗಿಸಿಬಿಡುತ್ತಾರೆ. ಖರೀದಿಸಿದವರಿಗೆ ಅದು ತಿಳಿಯುವುದು ಪಟ್ಟಣ ಪಂಚಾಯಿತಿ ಅಥವಾ ಪುರಸಭೆಯ ಸಿಬ್ಬಂದಿ ನೋಟಿಸು ಹಿಡಿದು ಬಂದಾಗ, ಇಲ್ಲವೇ ಗಟಾರದ ಎದುರು ಮನೆಯವರು ಜಗಳಕ್ಕೆ ನಿಂತಾಗ.

ಒಟ್ಟಿನಲ್ಲಿ ಬೀದರ್‌ನಲ್ಲಿ ತುಂಬದ ಗುಂಡಿಗೆ ಅಂಜಬೇಕು, ಭಾಲ್ಕಿ-ಔರಾದ್‌ನಲ್ಲಿ ಮೇಲಿಂದ ಮೇಲೆ ತುಂಬುವ ಗುಂಡಿಗೆ ಅಂಜಬೇಕು. ಮಾರ್ಚ್-ಏಪ್ರಿಲ್‌ನಲ್ಲಿ ನೋಡಿದ ಎರೆಭೂಮಿಯ ಮನೆ ಎಲ್ಲ ವಿಧದಲ್ಲೂ ಚೆನ್ನಾಗಿಯೇ ಕಾಣುತ್ತದೆ. ಸಾಧ್ಯವಿದ್ದವರು ಆಗಸ್ಟ್‌ನಲ್ಲಿ ಒಮ್ಮೆ, ನಾಲ್ಕು ದಿನ ಮಳೆ ಹಿಡಿದ ಮೇಲೆ ಹೋಗಿ ನೋಡುವುದು ಲೇಸು.

ಔರಾದ್ ತಾಲ್ಲೂಕಿನ ಹಳ್ಳಿಗಳಲ್ಲೂ, ಪಟ್ಟಣಗಳಿಗೆ ಹೊಂದಿಕೊಂಡ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಬಡಾವಣೆಗಳಲ್ಲೂ ಸ್ವಚ್ಛ ಭಾರತ ಅಭಿಯಾನದ ಕಾಲದಲ್ಲಿ ಕಟ್ಟಿದ ಜೋಡಿ ಗುಂಡಿಗಳು ಇರಬಹುದು. ಒಂದು ತುಂಬಿದಾಗ ನೀರನ್ನು ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಒಂದೂವರೆ-ಎರಡು ವರ್ಷ ಹಾಗೆಯೇ ಬಿಟ್ಟರೆ ಒಳಗಿನದು ಗೊಬ್ಬರವಾಗುತ್ತದೆ ಎಂಬುದು ಅದರ ತತ್ವ. ಎರಡೂ ಗುಂಡಿಗಳಿಗೆ ಏಕಕಾಲಕ್ಕೆ ನೀರು ಬಿಟ್ಟಿದ್ದರೆ ಆ ತತ್ವವೇ ಕೆಟ್ಟುಹೋಗಿರುತ್ತದೆ. ನಡುವಿನ ಸಣ್ಣ ಚೇಂಬರಿನ ಮುಚ್ಚಳ ತೆಗೆದರೆ ಇದು ಕಣ್ಣಿಗೆ ಕಾಣುವಂಥದ್ದು.

ಸಂಪರ್ಕ ಇದೆ ಎಂದರೆ ಸಾಲದು

ಬೀದರ್ ನಗರದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್ ನೆರವಿನ ಉತ್ತರ ಕರ್ನಾಟಕ ನಗರ ವಲಯ ಹೂಡಿಕೆ ಕಾರ್ಯಕ್ರಮದಡಿ ಒಳಚರಂಡಿ ಕಾಮಗಾರಿ ನಡೆದದ್ದು ಅನೇಕರಿಗೆ ನೆನಪಿರಬಹುದು. ರಸ್ತೆಗಳನ್ನು ಅಗೆದಾಗಿನ ದೂಳು ಮರೆಯುವಂಥದ್ದಲ್ಲ. ಮನೆಯ ಮುಂದೆ ಆಳುಗುಂಡಿಯ ಮುಚ್ಚಳ ಕಂಡೊಡನೆ 'ಯುಜಿಡಿ ಇದೆ' ಎಂದು ದಲ್ಲಾಳಿಗಳು ಹೇಳುವುದು ರೂಢಿಯಾಗಿದೆ. ಆದರೆ ಬೀದಿಯಲ್ಲಿ ಕೊಳವೆ ಹಾದಿರುವುದು ಬೇರೆ, ಆ ಮನೆಗೆ ಸಂಪರ್ಕ ಸಿಕ್ಕಿರುವುದು ಬೇರೆ, ಸಿಕ್ಕ ಸಂಪರ್ಕ ಕೆಲಸ ಮಾಡುತ್ತಿರುವುದು ಮತ್ತೂ ಬೇರೆ. ಸಂಪರ್ಕಕ್ಕೆ ಶುಲ್ಕ ಕಟ್ಟಿದ ರಸೀದಿ ಮತ್ತು ಅನುಮತಿ ಪತ್ರವನ್ನು ನೋಡಬೇಕು. ಅದಿಲ್ಲದೆ ರಾತ್ರೋರಾತ್ರಿ ಸೇರಿಸಿದ ಕೊಳವೆಯಾದರೆ ಅದನ್ನು ಸಕ್ರಮಗೊಳಿಸುವ ವೆಚ್ಚ ಹೊಸ ಮಾಲೀಕರ ಪಾಲಿಗೇ.

ಇನ್ನೊಂದು ಸೂಕ್ಷ್ಮವಿದೆ. ನಮ್ಮ ಊರುಗಳಲ್ಲಿ ರಸ್ತೆ ದುರಸ್ತಿ ಎಂದರೆ ಹಳೆಯ ರಸ್ತೆಯ ಮೇಲೆಯೇ ಮತ್ತೊಂದು ಪದರ ಕಾಂಕ್ರೀಟ್ ಸುರಿಯುವುದು. ಮೂವತ್ತು ವರ್ಷದ ಹಿಂದೆ ರಸ್ತೆಗಿಂತ ಎರಡು ಮೆಟ್ಟಿಲು ಮೇಲಿದ್ದ ಮನೆ ಈಗ ರಸ್ತೆಗಿಂತ ಒಂದು ಮೆಟ್ಟಿಲು ಕೆಳಗಿದೆ. ಮುಖ್ಯ ಕೊಳವೆ ಎಲ್ಲಾದರೂ ಕಟ್ಟಿಕೊಂಡರೆ ನೀರು ಹಿಂದಕ್ಕೆ ಏರುತ್ತ ಬಂದು, ಅತಿ ತಗ್ಗಿನ ಬಾಯಿಯಿಂದ ಹೊರಬೀಳುತ್ತದೆ. ರಸ್ತೆಯ ಆಳುಗುಂಡಿಯ ಮುಚ್ಚಳಕ್ಕಿಂತ ಮನೆಯ ಬಚ್ಚಲು ಕೆಳಗಿದ್ದರೆ, ಬೀದಿಯ ಕೊಳಚೆ ಬೀದಿಯಲ್ಲಿ ಉಕ್ಕುವ ಮೊದಲು ಆ ಬಚ್ಚಲಿನಲ್ಲಿ ಉಕ್ಕುತ್ತದೆ. ಗವಂಡಿಗಳು ಮಟ್ಟ ನೋಡಲು ಬಳಸುವ ನೀರು ತುಂಬಿದ ಪಾರದರ್ಶಕ ಪೈಪಿನಿಂದ ಹತ್ತು ನಿಮಿಷದಲ್ಲಿ ಈ ಅಳತೆಯನ್ನು ತಿಳಿಯಬಹುದು. ತಗ್ಗಿದೆ ಎಂದಾದರೆ ನೀರು ಹಿಂದಿರುಗದಂತೆ ತಡೆಯುವ ಕವಾಟ ಕೂಡಿಸಬೇಕು, ಇಲ್ಲವೇ ಬಚ್ಚಲನ್ನೇ ಎತ್ತರಿಸಬೇಕು. ಬೆಲೆ ಮಾತಾಡುವಾಗ ಈ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಕು.

ಚೌಬಾರಾ ಸುತ್ತಲಿನ ಹಳೆಯ ಬೀದರ್‌ನ ಪರಿಸ್ಥಿತಿ ಬೇರೆಯದೇ ರೀತಿಯದು. ಅಲ್ಲಿ ಒಂದು ಕಾಲದ ದೊಡ್ಡ ಮನೆಗಳು ಅಣ್ಣತಮ್ಮಂದಿರ ವಾಟಣಿಯಲ್ಲಿ ಮೂರು-ನಾಲ್ಕು ಪಾಲಾಗಿರುವುದುಂಟು. ಗೋಡೆ ಹಂಚಿಕೆಯಾಗುತ್ತದೆ, ಬಾಗಿಲು ಬೇರೆಯಾಗುತ್ತದೆ, ಮೋರಿ ಮಾತ್ರ ಒಂದೇ ಉಳಿಯುತ್ತದೆ. ಹಿಂದಿನ ಪಾಲಿನ ಕೊಳವೆ ಮುಂದಿನ ಪಾಲಿನ ಅಡುಗೆಮನೆಯಡಿಯಿಂದ ಹಾದುಹೋಗಿರುತ್ತದೆ. ಅಣ್ಣತಮ್ಮಂದಿರ ನಡುವೆ ಬಾಯಿಮಾತಿನಲ್ಲಿ ನಡೆದು ಬಂದ ವ್ಯವಸ್ಥೆ ಹೊರಗಿನವರು ಕೊಂಡ ಮೇಲೆ ನಡೆಯುತ್ತದೆ ಎಂಬ ಭರವಸೆ ಇಲ್ಲ. ಕೊಳವೆ ಇನ್ನೊಬ್ಬರ ಜಾಗದಲ್ಲಿ ಹಾದಿದ್ದರೆ ಆ ಹಕ್ಕು ವಾಟಣಿ ಪತ್ರದಲ್ಲೋ ಕ್ರಯಪತ್ರದಲ್ಲೋ ಬರೆಯಲ್ಪಟ್ಟಿದೆಯೇ ಎಂದು ನೋಡಬೇಕು. ಬಹುತೇಕ ತಂಟೆಗಳು ಇಲ್ಲಿಂದಲೇ ಹುಟ್ಟುತ್ತವೆ.

ಪರೀಕ್ಷಿಸುವುದು ಹೇಗೆ?

ಅಮೆರಿಕದಲ್ಲಿ ಮನೆ ಕೊಳ್ಳುವವರು ಉದ್ದನೆಯ ತಂತಿಯ ತುದಿಗೆ ಕಟ್ಟಿದ ಪುಟ್ಟ ಕ್ಯಾಮೆರಾವನ್ನು ಕೊಳವೆಯೊಳಗೆ ಕಳುಹಿಸಿ ನೋಡಿಸುತ್ತಾರೆ. ಇಂಗ್ಲೆಂಡ್‌ನಲ್ಲಿ ಕಾಗದಪತ್ರ ನೋಡುವ ಹಂತದಲ್ಲೇ ಖರೀದಿದಾರರ ವಕೀಲರು ನೀರು ಮತ್ತು ಚರಂಡಿಯ ಕುರಿತು ನಿಗದಿತ ಪ್ರಶ್ನಾವಳಿಯೊಂದನ್ನು ನೀರು ಕಂಪನಿಗೆ ಕಳುಹಿಸಿ ಉತ್ತರ ಪಡೆಯುವ ಪದ್ಧತಿ ಇದೆ. ಕೊಳಚೆ ಸಾರ್ವಜನಿಕ ಕೊಳವೆಗೆ ಸೇರುತ್ತದೆಯೇ, ಜಾಗದ ಗಡಿಯೊಳಗೆ ಸಾರ್ವಜನಿಕ ಕೊಳವೆ ಹಾದಿದೆಯೇ ಎಂಬುದು ಅದರಲ್ಲಿ ಬರುತ್ತದೆ. ನಮ್ಮಲ್ಲಿ ಅಂಥ ಪದ್ಧತಿ ಬೆಳೆದಿಲ್ಲ. ಹಾಗೆಂದು ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ನಲ್ಲಿ ಕೆಲಸ ಬಲ್ಲ ಒಬ್ಬ ಮಿಸ್ತ್ರಿ, ಎರಡು ಬಕೆಟ್, ಒಂದು ಟಾರ್ಚು, ಒಂದು ಕನ್ನಡಿ ಇದ್ದರೆ ಅರ್ಧ ದಿನದಲ್ಲಿ ಬಹುತೇಕ ಸಂಗತಿ ತಿಳಿಯುತ್ತದೆ.

ಮೊದಲು ಮನೆಯ ಎಲ್ಲ ಚೇಂಬರುಗಳ ಮುಚ್ಚಳ ತೆಗೆಸಬೇಕು. ಚೇಂಬರ್ ಎಲ್ಲಿದೆ ಎಂದು ಮಾಲೀಕರಿಗೇ ತಿಳಿಯದಿದ್ದರೆ ಅದೂ ಒಂದು ಉತ್ತರವೇ. ಬಳಿಕ ಶೌಚಾಲಯ, ಬಚ್ಚಲು, ಅಡುಗೆಮನೆ ಒಂದೊಂದರಲ್ಲೂ ಬೇರೆ ಬೇರೆಯಾಗಿ ನೀರು ಬಿಟ್ಟು, ಯಾವುದು ಯಾವ ಚೇಂಬರಿಗೆ ಬರುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ನೋಡಬೇಕು. ನೀರಿಗೆ ಬಟ್ಟೆಗೆ ಹಾಕುವ ನೀಲಿಯನ್ನೋ ರಂಗನ್ನೋ ಬೆರೆಸಿದರೆ ಗುರುತು ಸುಲಭ. ಒಂದು ಬಾಯಿಯಲ್ಲಿ ಬಿಟ್ಟ ಬಣ್ಣದ ನೀರು ಯಾವ ಚೇಂಬರಿನಲ್ಲೂ ಕಾಣದೆ ಮಾಯವಾದರೆ ಕೊಳವೆ ನಡುವೆ ಒಡೆದಿದೆ ಎಂದೇ ತಿಳಿಯಬೇಕು. ಮಾಳಿಗೆಯ ಮೇಲೂ ಎರಡು ಬಕೆಟ್ ಸುರಿದು ನೋಡುವುದು ಒಳ್ಳೆಯದು. ಮಳೆನೀರಿನ ಕೊಳವೆಯನ್ನು ಒಳಚರಂಡಿಗೆ ಸೇರಿಸಿದ್ದರೆ ಅದು ಆಗ ಬಯಲಾಗುತ್ತದೆ. ಮಳೆ ಬಂದಾಗ ಆಳುಗುಂಡಿಗಳು ಉಕ್ಕುವುದಕ್ಕೆ ಇಂಥ ಸಂಪರ್ಕಗಳೇ ದೊಡ್ಡ ಕಾರಣ.

ಕೊಳವೆ ನೇರವಾಗಿದೆಯೇ ಎಂದು ತಿಳಿಯಲು ಎಂಜಿನಿಯರುಗಳು ಹಿಂದಿನಿಂದಲೂ ಬಳಸುವ ಉಪಾಯವಿದೆ. ಒಂದು ಚೇಂಬರಿನ ಕೊಳವೆಯ ಬಾಯಿಗೆ ಟಾರ್ಚು ಹಿಡಿದು, ಮುಂದಿನ ಚೇಂಬರಿನಲ್ಲಿ ಕನ್ನಡಿಯನ್ನು ಓರೆಯಾಗಿ ಇಟ್ಟು ನೋಡುವುದು. ಬೆಳಕಿನ ವೃತ್ತ ಪೂರ್ಣವಾಗಿ ಕಂಡರೆ ಕೊಳವೆ ನೇರವಾಗಿದೆ ಎಂದರ್ಥ. ಅರ್ಧಚಂದ್ರನಂತೆ ಕಂಡರೆ ಎಲ್ಲೋ ಜೋತುಬಿದ್ದಿದೆ ಅಥವಾ ಹೂಳು ನಿಂತಿದೆ. ಏನೂ ಕಾಣದಿದ್ದರೆ ಕಟ್ಟಿದೆ. ಕೊಳವೆಯ ವ್ಯಾಸಕ್ಕಿಂತ ತುಸು ಚಿಕ್ಕದಾದ ಚೆಂಡನ್ನು ನೀರಿನೊಡನೆ ಉರುಳಿಬಿಟ್ಟು, ಅದು ಇನ್ನೊಂದು ತುದಿಗೆ ಬರುತ್ತದೆಯೇ ಎಂದು ನೋಡುವುದೂ ಇದೇ ಬಗೆಯ ಪರೀಕ್ಷೆ. ಚೆಂಡಿಗೆ ದಾರ ಕಟ್ಟಲು ಮರೆಯಬಾರದು.

ಇಳಿಜಾರಿನ ಲೆಕ್ಕವೂ ಸರಳ. 100 ಮಿಲಿಮೀಟರ್ ಅಂದರೆ ನಾಲ್ಕಿಂಚಿನ ಕೊಳವೆಗೆ 40 ಅಡಿ ಉದ್ದಕ್ಕೆ 1 ಅಡಿ, ಆರಿಂಚಿನ ಕೊಳವೆಗೆ 60 ಅಡಿಗೆ 1 ಅಡಿ ಇಳಿಜಾರು ಇರಬೇಕೆಂಬುದು ಹಳೆಯ ಸೂತ್ರ. ಹಿತ್ತಲಿನ ಶೌಚಾಲಯದಿಂದ ಮುಂದಿನ ಬೀದಿಯವರೆಗೆ ನಾಲ್ಕಿಂಚಿನ ಕೊಳವೆ ಬಂದಿದ್ದರೆ, 40 ಅಡಿ ಉದ್ದದ ನಿವೇಶನದಲ್ಲಿ ಎರಡು ತುದಿಗಳ ನಡುವೆ ಒಂದಡಿ ವ್ಯತ್ಯಾಸ ಕಾಣಬೇಕು.

ಕಣ್ಣಿಗೆ ಬೀಳುವ ಕುರುಹುಗಳನ್ನೂ ಕಡೆಗಣಿಸಬಾರದು. ಅಂಗಳದಲ್ಲಿ ಹೆಗ್ಗಣದ ಬಿಲ, ಒಂದೇ ಕಡೆ ಕುಸಿದ ಫರಸಿ, ಬೇಸಿಗೆಯಲ್ಲೂ ಹಸಿರಾಗಿರುವ ಒಂದು ಪಟ್ಟೆ ಹುಲ್ಲು, ಗೋಡೆಯ ಬುಡದಲ್ಲಿ ಆರದ ತೇವ, ಕೊಳವೆಯ ದಾರಿಯಲ್ಲೇ ಬೆಳೆದ ಅರಳಿ ಅಥವಾ ಬಸರಿ ಗಿಡ: ಇವು ನೆಲದಡಿಯ ಸೋರಿಕೆಯನ್ನು ಸೂಚಿಸಬಹುದು. ನಲ್ಲಿ ನೀರಿನ ಕೊಳವೆ ಚರಂಡಿಯೊಳಗಿಂದಲೇ ಹಾದು ಬಂದಿದ್ದರೆ ಅದನ್ನು ತಕ್ಷಣ ಬದಲಿಸಬೇಕು. ನೀರು ದಿನವಿಡೀ ಬಾರದ ಊರುಗಳಲ್ಲಿ, ನೀರು ನಿಂತ ಹೊತ್ತಿನಲ್ಲಿ ಖಾಲಿ ಕೊಳವೆ ತನ್ನ ಸಣ್ಣ ತೂತುಗಳ ಮೂಲಕ ಸುತ್ತಲಿನ ಕೊಳಚೆಯನ್ನು ಒಳಗೆಳೆದುಕೊಳ್ಳುತ್ತದೆ. ನೀರು ಬಿಟ್ಟಾಗ ಮೊದಲು ಬರುವ ಕೊಡಗಳಲ್ಲಿ ವಾಸನೆ ಬರುವುದಕ್ಕೆ ಕಾರಣ ಇದೇ.

ಒಳಗಿಳಿಸುವುದು ಅಪರಾಧ

ಸೆಪ್ಟಿಕ್ ಟ್ಯಾಂಕಿನ ಹೂಳನ್ನು ಅಳೆಯಲು ಬಿಳಿ ಬಟ್ಟೆ ಸುತ್ತಿದ ಉದ್ದನೆಯ ಕೋಲು ಸಾಕು. ತಳಕ್ಕೆ ಇಳಿಬಿಟ್ಟು ಮೆಲ್ಲನೆ ಎತ್ತಿದರೆ ಹೂಳಿನ ಗುರುತು ಬಟ್ಟೆಯ ಮೇಲೆ ಉಳಿಯುತ್ತದೆ. ಒಟ್ಟು ಆಳದ ಮೂರನೇ ಒಂದರಷ್ಟು ಹೂಳಿದ್ದರೆ ತೆಗೆಸುವ ಕಾಲ ಬಂದಿದೆ ಎಂದು ತಿಳಿಯಬೇಕು. ಮುಚ್ಚಳ ತೆಗೆದ ಕೂಡಲೆ ಬಗ್ಗಿ ನೋಡಬಾರದು, ಬೀಡಿ-ಬೆಂಕಿಕಡ್ಡಿ ಹತ್ತಿರ ತರಬಾರದು. ಒಳಗೆ ಹೊತ್ತಿಕೊಳ್ಳುವ ಮೀಥೇನ್ ಇರುತ್ತದೆ. ಹೈಡ್ರೋಜನ್ ಸಲ್ಫೈಡ್ ಇನ್ನೂ ಮೋಸದ ಅನಿಲ: ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಪ್ರಮಾಣ ಹೆಚ್ಚಾದಂತೆ ಮೂಗಿನ ಗ್ರಹಣಶಕ್ತಿಯೇ ಸತ್ತು ವಾಸನೆ ಬಾರದಾಗುತ್ತದೆ. ವಾಸನೆ ಹೋಯಿತೆಂದು ಇಳಿದವರು ಮೇಲೆ ಬರುವುದಿಲ್ಲ, ಅವರನ್ನು ಎತ್ತಲು ಇಳಿದವರೂ ಉಳಿಯುವುದಿಲ್ಲ. ದೇಶದ ನಾನಾ ಊರುಗಳಿಂದ ಬರುವ ಸಾವಿನ ಸುದ್ದಿಗಳಲ್ಲಿ ಈ ಕ್ರಮ ಮತ್ತೆ ಮತ್ತೆ ಕಾಣುತ್ತದೆ.

ಯಾರನ್ನಾದರೂ ಕೂಲಿ ಕೊಟ್ಟು ರಕ್ಷಣಾ ಸಾಧನಗಳಿಲ್ಲದೆ ಟ್ಯಾಂಕಿನೊಳಗೆ ಇಳಿಸುವುದನ್ನು 2013ರ ಮಲ ಹೊರುವ ಪದ್ಧತಿ ನಿಷೇಧ ಮತ್ತು ಪುನರ್ವಸತಿ ಕಾಯ್ದೆಯ 7ನೇ ಕಲಂ ನಿಷೇಧಿಸುತ್ತದೆ. ಮೊದಲ ಸಲದ ಅಪರಾಧಕ್ಕೇ ಎರಡು ವರ್ಷದವರೆಗೆ ಸೆರೆವಾಸ, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ, ಪ್ರಕರಣ ಜಾಮೀನುರಹಿತ. ಇದು ನಗರಸಭೆ, ಗುತ್ತಿಗೆದಾರರಿಗೆ ಮಾತ್ರವಲ್ಲ, ಮನೆ ಮಾಲೀಕರಿಗೂ ಅನ್ವಯಿಸುತ್ತದೆ. ಇಂಥ ಸಾವುಗಳಿಗೆ 2014ರಲ್ಲಿ 10 ಲಕ್ಷ ರೂಪಾಯಿ ಪರಿಹಾರ ನಿಗದಿಪಡಿಸಿದ್ದ ಸುಪ್ರೀಂ ಕೋರ್ಟ್, 2023ರ ಅಕ್ಟೋಬರ್ 20ರ ತೀರ್ಪಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಸಕ್ಕಿಂಗ್ ಗಾಡಿ ಆ ಮನೆಯ ಟ್ಯಾಂಕಿನ ಹತ್ತಿರ ಬರಲು ಸಾಧ್ಯವೇ ಎಂಬುದೂ ಆದ್ದರಿಂದ ಖರೀದಿಗೆ ಮುನ್ನ ಕೇಳಬೇಕಾದ ಪ್ರಶ್ನೆಯಾಗುತ್ತದೆ. ಗಾಡಿ ನುಗ್ಗದ ಸಂದಿಯಲ್ಲಿ, ಪೈಪು ಮುಟ್ಟದ ಹಿತ್ತಲಿನಲ್ಲಿ ಟ್ಯಾಂಕ್ ಇದ್ದರೆ ನಾಳೆ ಯಾರನ್ನೋ ಇಳಿಸುವ ಆಮಿಷ ಎದುರಾಗುವುದು ಖಚಿತ.

ತೆಗೆಸಿದ ಹೂಳನ್ನು ಗಾಡಿಯವರು ಎಲ್ಲಿ ಸುರಿಯುತ್ತಾರೆ ಎಂಬುದು ಇನ್ನೊಂದು ಮಾತು. ಬೆಂಗಳೂರು ಬಳಿಯ ದೇವನಹಳ್ಳಿಯಲ್ಲಿ ಪಟ್ಟಣದ ಶೌಚಗುಂಡಿಗಳ ಹೂಳಿಗೆಂದೇ ಸಂಸ್ಕರಣಾ ಘಟಕ 2015ರಲ್ಲಿ ಆರಂಭವಾಯಿತು. ಹಳ್ಳದ ದಂಡೆಯಲ್ಲಿ ಸುರಿದ ಹೂಳು ಮಳೆಗೆ ಕೊಚ್ಚಿ ಮಾಂಜ್ರಾ, ಕಾರಂಜಾ ಪಾತ್ರಗಳತ್ತಲೇ ಸಾಗುತ್ತದೆ. ಈ ನೀರನ್ನೇ ಜಿಲ್ಲೆಯ ಪಟ್ಟಣಗಳು ಕುಡಿಯುತ್ತವೆ.

ಕಾನೂನು ಏನು ಹೇಳುತ್ತದೆ?

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ಸ್ವತ್ತಿನಲ್ಲಿ ತನಗೆ ತಿಳಿದಿರುವ ಮಹತ್ವದ ದೋಷವನ್ನು ಮಾರುವವರು ಕೊಳ್ಳುವವರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದು ವಂಚನೆ ಎನಿಸುತ್ತದೆ. ಆದರೆ ಇಲ್ಲೊಂದು ಷರತ್ತಿದೆ: ಕೊಳ್ಳುವವರು ಸಾಮಾನ್ಯ ಎಚ್ಚರಿಕೆ ವಹಿಸಿದ್ದರೂ ಕಂಡುಹಿಡಿಯಲಾಗದಂಥ ದೋಷ ಅದಾಗಿರಬೇಕು. ಮುಚ್ಚಳ ಎತ್ತಿ ನೋಡಿದ್ದರೆ ಕಾಣುತ್ತಿದ್ದ ದೋಷಕ್ಕೆ ನ್ಯಾಯಾಲಯದ ಮೊರೆ ಹೋದರೆ, 'ನೀವೇಕೆ ನೋಡಲಿಲ್ಲ' ಎಂಬ ಪ್ರಶ್ನೆ ಮೊದಲು ಬರುತ್ತದೆ. ಮಾರುವವರಿಗೆ ದೋಷ ತಿಳಿದಿತ್ತು ಎಂದು ಸಾಬೀತುಪಡಿಸುವುದೂ ಸುಲಭವಲ್ಲ.

ಹೊಸ ಬಡಾವಣೆ ಅಥವಾ ಅಪಾರ್ಟ್‌ಮೆಂಟ್‌ನಲ್ಲಿ ಡೆವಲಪರ್‌ನಿಂದ ನೇರವಾಗಿ ಕೊಳ್ಳುವವರ ಸ್ಥಿತಿ ತುಸು ವಾಸಿ. ರೇರಾ ಎಂದು ಪರಿಚಿತವಾದ 2016ರ ಕಾಯ್ದೆಯ 14ನೇ ಕಲಮಿನಂತೆ, ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದಲ್ಲಾಗಲಿ ಒದಗಿಸಿದ ಸೇವೆಗಳಲ್ಲಾಗಲಿ ದೋಷ ಕಂಡುಬಂದು ತಿಳಿಸಿದರೆ, 30 ದಿನದೊಳಗೆ ಹಣ ಪಡೆಯದೆ ಸರಿಪಡಿಸಿಕೊಡಬೇಕು. 500 ಚದರ ಮೀಟರ್ ಮೀರದ ಜಾಗದ ಅಥವಾ ಎಂಟಕ್ಕಿಂತ ಹೆಚ್ಚಿಲ್ಲದ ಮನೆಗಳ ಯೋಜನೆಗೆ ರೇರಾ ನೋಂದಣಿ ಬೇಕಿಲ್ಲ. ನಮ್ಮ ಪಟ್ಟಣಗಳಲ್ಲಿ ಒಂದೆರಡು ಮನೆ ಕಟ್ಟಿ ಮಾರುವವರು ಹೆಚ್ಚಾಗಿ ಈ ಮಿತಿಯೊಳಗೇ ಬರುತ್ತಾರೆ. ಒಬ್ಬ ವ್ಯಕ್ತಿ ತಾನು ವಾಸವಿದ್ದ ಮನೆಯನ್ನು ಇನ್ನೊಬ್ಬರಿಗೆ ಮಾರುವ ವ್ಯವಹಾರವಂತೂ ಅದರ ವ್ಯಾಪ್ತಿಗೆ ಸೇರುವುದೇ ಇಲ್ಲ.

ಆದಕಾರಣ ಬರಹದಲ್ಲಿ ಇಡುವುದೇ ಕ್ಷೇಮ. ಸಂಚಕಾರ ಕೊಡುವಾಗ ಬರೆಯುವ ಕರಾರಿನಲ್ಲಿಯೇ, ನೋಂದಣಿಗೆ ಮುನ್ನ ಚರಂಡಿ ಪರೀಕ್ಷೆಗೆ ಅವಕಾಶ ಕೊಡತಕ್ಕದ್ದು, ದೋಷ ಕಂಡಲ್ಲಿ ಮಾರುವವರು ದುರಸ್ತಿ ಮಾಡಿಸತಕ್ಕದ್ದು ಇಲ್ಲವೇ ಆ ಮೊತ್ತವನ್ನು ಬೆಲೆಯಲ್ಲಿ ಕಳೆಯತಕ್ಕದ್ದು ಎಂದು ಸೇರಿಸಬಹುದು. ಕೊಳವೆಗಳು ಹಾದಿರುವ ದಾರಿ, ಚೇಂಬರು ಮತ್ತು ಟ್ಯಾಂಕಿನ ಜಾಗ ತೋರಿಸುವ ಒಂದು ಕೈನಕ್ಷೆಗೆ ಇಬ್ಬರೂ ಸಹಿ ಹಾಕಿ ಕರಾರಿಗೆ ಲಗತ್ತಿಸಿದರೆ ಮುಂದೆ ರಿಪೇರಿಗೂ ಅನುಕೂಲ.

ಕೆಲವರು ಟೈಲ್ಸ್ ಹಾಳಾಗುತ್ತದೆ ಎಂದು ಮುಚ್ಚಳ ತೆಗೆಯಲು ಒಪ್ಪುವುದಿಲ್ಲ. ಒಡೆದು ನೋಡಿ, ಮತ್ತೆ ಹಾಸಿಕೊಡುವ ಖರ್ಚನ್ನು ಕೊಳ್ಳುವವರೇ ಭರಿಸುತ್ತೇವೆ ಎಂದರೆ ಸಾಮಾನ್ಯವಾಗಿ ಈ ಆಕ್ಷೇಪ ಉಳಿಯುವುದಿಲ್ಲ. ಆಗಲೂ ಒಪ್ಪದಿದ್ದರೆ ಸಂಚಕಾರದ ಹಣವನ್ನು ಆ ದಿನ ಕಿಸೆಯಿಂದ ತೆಗೆಯದಿರುವುದು ಒಳಿತು.